ಯಮುನಾಳ ಎರಡನೇ ಗೇರು

ಯಮುನಾಗೆ ಚಿಕ್ಕಂದಿನಿಂದಲೂ ಎಡಗಾಲಲ್ಲಿ ಬಲವಿಲ್ಲ. ಕ್ಲಚ್ ತುಳಿಯಲಾಗದ್ದಕ್ಕೆ ಗೇರನ್ನು ತಾನೇ ಬದಲಿಸಿಕೊಳ್ಳುವ ಹಳೆಯ ಆಟೊಮ್ಯಾಟಿಕ್ ಕಾರೊಂದನ್ನು ಇಟ್ಟುಕೊಂಡಿದ್ದಳು. ಹೊಸ ತಿಪ್ಪಸಂದ್ರದ ಮನೆಯಲ್ಲಿ ಅವಳು ಮತ್ತು ಮರೆವು ಹಿಡಿದ ತಾಯಿ ಅಣ್ಣಮ್ಮ, ಇಬ್ಬರೇ. ಅಣ್ಣಮ್ಮನಿಗೆ ಸಕ್ಕರೆ ಕಾಯಿಲೆ. ಕಾಲಿನ ಹುಣ್ಣು ತೊಳೆಸಲು ಕುಕ್ ಟೌನಿನ ಡಾಕ್ಟರ ಹತ್ತಿರ ಹೋಗುತ್ತಲೇ ಇರಬೇಕಿತ್ತು. ಆದರೆ ಮಗಳ ಕಾರು ಬಿಟ್ಟು ಬೇರೆ ಗಾಡಿಯನ್ನು ಅಣ್ಣಮ್ಮ ಹತ್ತಳು. ಒಮ್ಮೆ ಆಟೊದಲ್ಲಿ ಕರೆದೊಯ್ದಾಗ ಹಲಸೂರು ಕೆರೆ ಹತ್ತಿರ ಓಡುವ ಗಾಡಿಯಿಂದಲೇ ಇಳಿಯಹೋಗಿದ್ದಳು.

ಅಂಥದ್ದರಲ್ಲಿ ಕಾರು ಎರಡನೇ ಗೇರಿಗೆ ಬೀಳುವುದು ನಿಂತಿತು. ಇಂಜಿನ್ ಕಿರುಚುತ್ತಿತ್ತು, ಚಕ್ರ ಎಳೆಯುತ್ತಿರಲಿಲ್ಲ. ಗ್ಯಾರೇಜಿನವರು ಇಡೀ ಗೇರ್‌ಬಾಕ್ಸ್ ಬದಲಿಸಬೇಕು, ಅದೀಗ ಸಿಗೋದೇ ಇಲ್ಲ ಅಂದುಬಿಟ್ಟರು. ಶಿವಾಜಿನಗರದಲ್ಲಿ ಹಳೇ ಬಿಡಿಭಾಗ ಮಾರುವ ಸಲ್ಮಾನ್ ಮಾತ್ರ, ಆಯಿಲ್ ಒತ್ತಡದಿಂದ ಗೇರಿನ ಪಟ್ಟಿ ಬಿಗಿಯುವ ಸರ್ವೋ ಹೋಗಿರಬೇಕು, ಬಾಕ್ಸ್ ಇಳಿಸದೆ ಪಕ್ಕದಿಂದಲೇ ಹಾಕಬಹುದು ಎಂದು ಒಂದನ್ನು ಹುಡುಕಿಕೊಟ್ಟ. ಅಂಗಡಿ ಬಿಟ್ಟು ಬರಲು ಅವನಿಗಾಗಲಿಲ್ಲ, ಹಾಕುವ ಬಗೆ ಹೇಳಿಕೊಟ್ಟ. ಹುಣ್ಣು ಆಗಲೇ ವಾಸನೆ ಹೊಡೆಯತೊಡಗಿತ್ತು. ಯಮುನಾ ತಾನೇ ಕಾರಿನಡಿ ಮಲಗಿದಳು.

ಹಳೆಯ ಸರ್ವೋ ಬಿಚ್ಚಿದಾಗ ಕೆಂಪು ಆಯಿಲ್ ಮೊಣಕೈವರೆಗೂ ಇಳಿಯಿತು. ಹೊಸದನ್ನು ಸ್ಪ್ರಿಂಗಿನ ಸಮೇತ ಅಂಗೈಯಿಂದ ಒಳಗೊತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಅದು ಹೊರಚಿಮ್ಮದಂತೆ ತಡೆಯುವ ಲಾಕ್ ರಿಂಗ್ ಕೂರಿಸುವಷ್ಟರಲ್ಲಿ, ಬ್ಯಾಂಡೇಜ್ ಸುತ್ತಿದ ಪಾದವೊಂದು ಗೇಟಿನ ಕಡೆ ಹೋಗುವುದು ಕಂಡಿತು.

ಕೂಗಿದಳು. ಪಾದ ನಿಲ್ಲಲಿಲ್ಲ. ಯಮುನಾ ಕೈ ಬಿಟ್ಟಳು. ಸ್ಪ್ರಿಂಗ್ ಚಿಮ್ಮಿ ಸರ್ವೋ ಸಿಮೆಂಟಿನ ಮೇಲೆ ಬಿತ್ತು. ತೆವಳಿ ಹೊರಬಂದು, ಕಾಂಪೌಂಡ್ ಹಿಡಿದು ಕುಂಟುತ್ತಾ ಓಡಿದಾಗ ಅಣ್ಣಮ್ಮ ಮಾರ್ಕೆಟ್ ರಸ್ತೆಯ ನಡುವೆ, ಬ್ರೇಕ್ ಹಾಕಿ ನಿಂತ ಬಸ್ಸಿಗೆ ಎದುರಾಗಿ ನಿಂತಿದ್ದಳು.

ಮೇಲಿನ ಬಾಡಿಗೆಯವರೂ ಓಡಾಡುವ ಗೇಟು, ಬೀಗ ಹಾಕುವಂತಿರಲಿಲ್ಲ. ಯಮುನಾ ತಾಯಿಯನ್ನು ಮನೆಗೆ ಕರೆತಂದು, ಕುರ್ಚಿಯಲ್ಲಿ ಕೂರಿಸಿ, ಅವಳ ಸೆರಗನ್ನು ಕಿಟಕಿ ಸರಳಿಗೆ ಗಂಟು ಹಾಕಿದಳು.

"ಯಾಕ್ ಕಟ್ತಿದ್ದೀಯಾ? ನಾನೇನ್ ಹಸುನಾ?" ಅಂದಳು ಅಣ್ಣಮ್ಮ.

"ಸ್ವಲ್ಪ ಹೊತ್ತು ಅಷ್ಟೇ, ಅಮ್ಮ."

ಕಾರಿನಡಿ ಸೇರಿ ಮೊದಲು ಅತ್ತಳು. ಸರ್ವೋ ಒಡೆದಿರಲಿಲ್ಲ, ಮುಚ್ಚಳದ ಅಂಚು ತರಚಿತ್ತಷ್ಟೆ. ಅದನ್ನು ಉಜ್ಜಿ, ಒರೆಸಿ, ಮತ್ತೆ ಒತ್ತಿದಳು. ಹಲವು ಸಲ ಜಾರಿ, ಕೊನೆಗೆ ರಿಂಗ್ ಕೂತಿತು.

ಆಯಿಲ್ ತುಂಬಿಸಿ ರಸ್ತೆಗಿಳಿದಾಗ ಎರಡನೇ ಗೇರು ಒಂದು ಗುದ್ದು ಕೊಟ್ಟು ಹಿಡಿಯಿತು. ಅಣ್ಣಮ್ಮ ಹಿಂದಿನ ಸೀಟಲ್ಲಿ ಅಂಗಡಿ ಬೋರ್ಡುಗಳನ್ನು ಓದುತ್ತಾ ಕೂತಿದ್ದಳು.

ಡಾಕ್ಟರು ಬ್ಯಾಂಡೇಜ್ ಬಿಚ್ಚಿ ಹುಣ್ಣಿನ ಸುತ್ತ ಒತ್ತಿ ನೋಡಿದರು. ಆಮೇಲೆ, ಹೆಬ್ಬೆರಳು ಉಳಿಯೋದಿಲ್ಲ, ಪಾದ ಉಳಿಸಬಹುದು ಅಂದರು. ಮೊದಲೇ ಬಂದಿದ್ದರೆ ಏನಾಗುತ್ತಿತ್ತು ಎಂದು ಯಮುನಾ ಕೇಳಲಿಲ್ಲ. ಬೆರಳು ತೆಗೆಸಲು ಆಸ್ಪತ್ರೆಗೆ ಸೇರಿಸಿದ ದಿನವೂ ಅವಳೇ ಕಾರು ಓಡಿಸಿಕೊಂಡು ಹೋದಳು.