ಅವ್ವನ ಅಳತಿ ಜಂಪರ

ಬಂದ ನಾಲ್ಕನೇ ದಿನವೇ ನನ್ನ ಮಿದುಳನ್ನು ನಾನೇ ನೋಡಿದೆ. ಸ್ಕಾಟ್ಲೆಂಡಿನ ಈ ಲ್ಯಾಬಿನಲ್ಲಿ ಹೊಸಬರನ್ನು ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿಸುವುದು ರೂಢಿಯಂತೆ. ಆಮೇಲೆ ಕಂಪ್ಯೂಟರಿನಲ್ಲಿ ನನ್ನ ಮಿದುಳನ್ನು ಜಗ್ಗಿ, ಒತ್ತಿ, ಇನ್ನೊಂದು ಮಿದುಳಿನ ಆಕಾರಕ್ಕೆ ತಂದರು. ಬೈಲಹೊಂಗಲದಿಂದ ಇಷ್ಟು ದೂರ ಬಂದದ್ದು ಇದಕ್ಕೇ ಏನು ಅನಿಸಿತು.

ಎಲ್ಲರ ತಲೆಯೂ ಒಂದೇ ಥರ ಇರುವುದಿಲ್ಲ. ಹೋಲಿಸಬೇಕಾದರೆ ಎಲ್ಲವನ್ನೂ ಒಂದು ಮಾದರಿಗೆ ಹೊಂದಿಸಬೇಕು. ಆ ಮಾದರಿಗೆ ಟೆಂಪ್ಲೇಟ್ ಎನ್ನುತ್ತಾರೆ. ಹೊಲಿಗೆಯವಳ ಮಗಳಾದ ನನಗೆ ಇದು ಬೇಗ ತಿಳಿಯಿತು. ಅವ್ವ ಯಾರ ಮೈಗೂ ಟೇಪು ಹಿಡಿದವಳಲ್ಲ. ಕಿತ್ತೂರಿನಿಂದ ಬರುವ ಹೆಂಗಸರೂ ಮೈಗೆ ಸರಿಯಾಗಿ ಕೂಡುವ ಹಳೆಯ ಜಂಪರ, ಅಂದರೆ ರವಿಕೆ, ತರಬೇಕು. ಅದನ್ನು ಮೇಲಿಟ್ಟು ಖಣದ ಬಟ್ಟೆ ಕತ್ತರಿಸುತ್ತಾಳೆ. ಅದೇ ಅಳತಿ ಜಂಪರ.

ಉಳಿದದ್ದು ಅಷ್ಟು ಬೇಗ ತಿಳಿಯಲಿಲ್ಲ. ನನ್ನ ಮನೆಯೊಡತಿ ಮೊರಾಗ್, ಎಪ್ಪತ್ತು ದಾಟಿದವಳು, ಎಲ್ಲದಕ್ಕೂ 'ವೀ' ಸೇರಿಸುತ್ತಾಳೆ. ವೀ ಎಂದರೆ ಪುಟ್ಟ. ಪುಟ್ಟ ಚಹಾ, ಪುಟ್ಟ ಮಳೆ. ಆ ಪುಟ್ಟ ಮಳೆ ಒಂಬತ್ತು ದಿನ ನಿಲ್ಲಲಿಲ್ಲ. ಜೋಳದ ಹಿಟ್ಟು ಸಿಗದೆ ಓಟ್ಸ್ ಹಿಟ್ಟಿನಲ್ಲಿ ರೊಟ್ಟಿ ಬಡಿದೆ. ಹಂಚಿಗಿಂತ ಅಂಗೈಗೇ ಹೆಚ್ಚು ಅಂಟಿತು. ಮೊರಾಗ್ ಬೆಣ್ಣೆ ಹಚ್ಚಿ ಎರಡು ತಿಂದಳು. ಅಂದಿನಿಂದ ಆಕೆ ನನಗೆ ಅರ್ಧ ಅವ್ವ.

ಮರೆವಿನ ಕಾಯಿಲೆಯ ಮುದುಕರ ಮಿದುಳನ್ನು ಆರೋಗ್ಯವಂತ ಮುದುಕರ ಮಿದುಳಿನೊಂದಿಗೆ ಹೋಲಿಸುವುದು ನನ್ನ ಕೆಲಸ. ಆರೋಗ್ಯವಂತರ ಗುಂಪಿಗೆ ಮೊರಾಗ್ ಕೂಡ ತಲೆ ಕೊಟ್ಟಿದ್ದಳು. ಎರಡನೇ ವರ್ಷ ಒಂದು ಫಲಿತಾಂಶ ಸಿಕ್ಕಿತು: ಮರೆವಿನವರಲ್ಲಿ, ಮಿದುಳಿನ ನಡುವೆ ನೀರು ತುಂಬಿರುವ ಗೂಡಿನ ಪಕ್ಕದಲ್ಲಿ ಸವೆತ. ಪ್ರೊಫೆಸರರು ಖುಷಿಯಾದರು. ನನ್ನ ನೌಕರಿ ಮುಂದುವರಿಯುವುದು ಅದರ ಮೇಲೆಯೇ ನಿಂತಿತ್ತು.

ಅದೇ ವಾರ ಅವ್ವ ಹೊಲಿದ ಜಂಪರ ಪಾರ್ಸಲ್ಲಿನಲ್ಲಿ ಬಂತು. ಹುಕ್ಕೇ ಕೂಡಲಿಲ್ಲ. ಇಲ್ಲಿನ ಬೆಣ್ಣೆ, ಬಟಾಟಿ ತಮ್ಮ ಕೆಲಸ ಮಾಡಿದ್ದವು. ಓಣಿಯ ಎಸ್‌ಟಿಡಿ ಬೂತಿಗೆ ಫೋನ್ ಮಾಡಿ ಅವ್ವನನ್ನು ಕರೆಸಿ ಹೇಳಿದರೆ ನಕ್ಕಳು.

"ಹೊಲಿಗಿ ತಪ್ಪಿಲ್ಲ ಯವ್ವಾ, ನಿನ್ನ ಮೈದೂ ತಪ್ಪಿಲ್ಲ. ಅಳತಿ ಜಂಪರ ನಿನ್ನ ಸಾಲಿ ಕಲಿಯೂ ಕಾಲದ್ದೈತಿ."

ಫೋನ್ ಇಡುವಾಗ ಹೊಳೆಯಿತು: ನಮ್ಮ ಟೆಂಪ್ಲೇಟೂ ಹರೆಯದವರ ಮಿದುಳುಗಳಿಂದ ಮಾಡಿದ್ದು. ವಯಸ್ಸಾದಂತೆ ನೀರಿನ ಗೂಡು ಹಿಗ್ಗುತ್ತದೆ, ಮರೆವಿನವರಲ್ಲಿ ಇನ್ನೂ ಹೆಚ್ಚು. ಅದನ್ನು ಹರೆಯದ ಅಳತೆಗೆ ಜಗ್ಗಿದರೆ ಅಂಚು ಸರಿಯಾಗಿ ಕೂಡದೆ, ಇಲ್ಲದ ಸವೆತ ಇದ್ದಂತೆ ಕಾಣಬಹುದು. ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ಮೂರನೇ ದಿನ ಪ್ರೊಫೆಸರರಿಗೆ ಹೇಳಿದೆ. ಅವರು ಹೊಸ ಟೆಂಪ್ಲೇಟ್ ಮಾಡು ಅಂದರು. ಎರಡೂ ಗುಂಪಿನ ಮುದುಕರ ಮಿದುಳುಗಳನ್ನೇ ಕೂಡಿಸಿ ಮಾಡಿದೆ. ಸವೆತ ಮಾಯವಾಯಿತು. ನೌಕರಿಯನ್ನು ಆರೇ ತಿಂಗಳ ಮಟ್ಟಿಗೆ ಮುಂದುವರಿಸಿದರು. ಆದರೂ ರಾತ್ರಿ ನಿದ್ದೆ ಬಂತು.

ಹೊಸ ಮಾದರಿಯಲ್ಲಿ ಮೊರಾಗ್‌ಳ ಪಾಲೂ ಇದೆ. ಅವ್ವನ ತಲೆ ಬಂದರೆ ಯಾವುದರ ಮೇಲಿಟ್ಟು ನೋಡುವುದು? ನಮ್ಮೂರ ಮುದುಕಿಯರ ಮಾದರಿ ಈ ಲ್ಯಾಬಿನಲ್ಲಿಲ್ಲ.

ಹೊಸ ಅಳತೆ ಕಳಿಸು ಎಂದಿದ್ದಳು ಅವ್ವ. ಈಗ ಮೈಗೆ ಕೂಡುವ ಜಂಪರವೇ ನನ್ನ ಹತ್ತಿರ ಇಲ್ಲ. ಇಲ್ಲಿನವರು ಸ್ವೆಟರಿಗೇ ಜಂಪರ್ ಎನ್ನುತ್ತಾರೆ; ಮೊರಾಗ್ ಹೆಣೆದುಕೊಟ್ಟ ಸ್ವೆಟರನ್ನೇ ಕಳಿಸಿದೆ.

"ಉಣ್ಣಿ ಹೆಂಗ ಜಗ್ಗಿದ್ರ ಹಂಗ ಬರತೈತಿ, ಅದನ್ನಿಟ್ಟು ಏನ್ ಕತ್ತರಸ್ಲಿ?" ಫೋನಿನಲ್ಲಿ ಅವ್ವ ಅಂದಳು. "ನಿನ್ನ ಹಳೀ ಜಂಪರ, ಈ ಸ್ವೆಟರ, ಎರಡೂ ಗೂಟಕ್ಕ ಹಾಕೇನಿ. ನೀನ ಬಾ."

ಟಿಕೆಟ್ ತೆಗೆಸಿದ್ದೇನೆ. ತಿರುಗಿ ಎಂದು ಬರುತ್ತೀ ಎಂದು ಮೊರಾಗ್ ಈಗಲೇ ಕೇಳುತ್ತಿದ್ದಾಳೆ.