ಯಲವಿಗಿಯ ಎರೆಹಾದಿ

ಆ ದಿನ ಬೆಳಿಗ್ಗೆ ನಾನು ಎಂದಿನಂತೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದೆ. ಅತ್ತೆಯವರು ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ, ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದರು. ಹಿತ್ತಿಲ ಬಾಗಿಲಲ್ಲಿ ನಮ್ಮ ಮನೆಯವರು ಸೈಕಲ್ಲು ಒರೆಸುತ್ತಿದ್ದರು. ಸವಣೂರಿನ ಪೇಟೆಯಲ್ಲಿ ನಮ್ಮದು ಜವಳಿ ಅಂಗಡಿ. ಶಿಗ್ಗಾವಿ, ಬಂಕಾಪುರ, ಹಾನಗಲ್ಲಿನ ಸಂತೆಗಳಿಗೆ ಅವರು ಸೀರೆ, ಖಣಗಳ ಗಂಟು ಕಟ್ಟಿಕೊಂಡು ಸೈಕಲ್ಲಿನ ಮೇಲೆಯೇ ಹೋಗಿಬರುತ್ತಿದ್ದರು. ಆ ವರ್ಷ ಹುಬ್ಬಳ್ಳಿಯಿಂದ ಹೊಸ ಮಡ್‌ಗಾರ್ಡು ತರಿಸಿ ಹಾಕಿಸಿದ್ದರು. ಅವು ಕನ್ನಡಿಯಂತೆ ಹೊಳೆಯುತ್ತಿದ್ದವು.

"ಹೆಂಡ್ತಿ ಮಾರಿನಾದ್ರೂ ಇಷ್ಟ ಸಲ ನೋಡಿಯೇನು?" ಎಂದು ಅತ್ತೆಯವರು ಮೊರದಿಂದ ತಲೆಯೆತ್ತದೆಯೇ ಕೇಳಿದರು.

"ಹೆಂಡ್ತಿಗೆ ಜಂಗ ಹಿಡಿಯೂದಿಲ್ಲವ್ವಾ, ಇದಕ್ಕ ಹಿಡೀತೈತಿ," ಎಂದರು ಇವರು.

ಅಷ್ಟರಲ್ಲಿ ಪಕ್ಕದ ಮನೆಯ ಎಲೆ ವ್ಯಾಪಾರಿ ಬಾಗಿಲಿಗೆ ಬಂದರು. ನಮ್ಮೂರ ವೀಳ್ಯದೆಲೆ ಹುಬ್ಬಳ್ಳಿಗೆ ಹೋಗುತ್ತಿದ್ದುದು ಅವರ ಕೈಯಿಂದಲೇ. ಅಲ್ಲಿ ಸಂಸಾರ ಹೂಡಿದ್ದ ನನ್ನ ಶಾಲೆಯ ಗೆಳತಿಯ ಮನೆಗೂ ಅವರದೇ ಎಲೆ. ರಾತ್ರಿ ರೈಲುಗಾಡಿಗೆ ಬಂದಿಳಿದಿದ್ದವರು ಹೊಸ್ತಿಲ ಹೊರಗೇ ನಿಂತು ಇವರಿಗೆ ಹೇಳಿದರು: "ಸಾವ್ಕಾರ್ರ, ನಿಮ್ಮ ಮನಿಯವರಿಗೊಂದು ಸುದ್ದಿ ಐತ್ರಿ. ಬೆಳಗಾವಿ ಕಾನ್ವೆಂಟಿನ ಮಡಮ್ಮ ಇವತ್ತ ಮಧ್ಯಾಹ್ನದ ಗಾಡಿಗೆ ಬೆಂಗಳೂರ ಕಡೆ ಹೊಂಟಾರಂತ. ಮುಂದ ಮದ್ರಾಸದಾಗ ಹಡಗ ಹತ್ತಿ ತಮ್ಮ ದೇಶಕ್ಕ. ಇನ್ನ ತಿರುಗಿ ಬರೂದಿಲ್ಲಂತ. ಯಲವಿಗ್ಯಾಗ ಗಾಡಿ ನಿಂತಾಗ ಮಾರಿ ನೋಡೂದಿದ್ರ ನೋಡ್ಕೋ ಅಂತ ಹುಬ್ಬಳ್ಳಿ ಗೆಳತಿ ಹೇಳಿ ಕಳಿಸ್ಯಾರ."

ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯೆದ್ದಿತು. ನನಗೆ ಅದರ ವಾಸನೆಯೂ ಬರಲಿಲ್ಲ.

ಅಪ್ಪನಿಗೆ ಬೆಳಗಾವಿಯ ಕಚೇರಿಯಲ್ಲಿ ನೌಕರಿಯಿದ್ದುದರಿಂದ ಹಾನಗಲ್ಲಿನ ಹುಡುಗಿಯಾದ ನಾನು ಕಾನ್ವೆಂಟು ಸೇರಿದ್ದು. ಎಲ್ಲರೂ ಮಡಮ್ಮ ಎನ್ನುತ್ತಿದ್ದ ಆ ಸಿಸ್ಟರು ನಮಗೆ ಭೂಗೋಳ ಹೇಳಿಕೊಡುತ್ತಿದ್ದರು. ಅವರ ಊರು ಕಡಲಾಚೆ, ಬೆಂಕಿ ಉಗುಳುವ ಒಂದು ಪರ್ವತದ ಬುಡದಲ್ಲಿತ್ತು. ನಕಾಶೆಯ ಮೇಲೆ ಬೆರಳಿಟ್ಟು ಜ್ವಾಲಾಮುಖಿಯ ಪಾಠ ಶುರುಮಾಡಿದರೆ ಎರಡು ಮಾತಿಗೆಲ್ಲ ಪಾಠ ಬಿಟ್ಟು ಊರಿಗೆ ಹೋಗಿಬಿಡುತ್ತಿದ್ದರು. ಅಲ್ಲಿ ಗೋಡೆಗಳೂ ಕರಿಕಲ್ಲಿನವಂತೆ. ಒಮ್ಮೊಮ್ಮೆ ಗಾಳಿ ಬೀಸಿದರೆ ಒಣಹಾಕಿದ ಬಟ್ಟೆಯ ಮೇಲೆ ಬೂದಿ ಬಂದು ಕೂರುತ್ತಿತ್ತಂತೆ. ಅವರ ತಾಯಿ ಪರ್ವತದ ಕಡೆ ತಿರುಗಿ, ಜಗಳಗಂಟಿ ನೆರೆಯವಳನ್ನು ಬೈಯುವಂತೆ ಬೈಯುತ್ತಿದ್ದರಂತೆ. ಹುಡುಗಿಯಾಗಿದ್ದಾಗ ಅವರು ಆ ಕರಿ ದಾರಿಗಳಲ್ಲಿ ಅಣ್ಣನ ಸೈಕಲ್ಲು ಹತ್ತಿ ಕಿತ್ತಳೆ ತೋಟಗಳ ನಡುವೆ ಕಡಲಿನ ತನಕ ಇಳಿದು ಹೋಗುತ್ತಿದ್ದರು. ಕರಗಿ ಹೆಪ್ಪುಗಟ್ಟಿದ ಕಲ್ಲಿನ ಪುಡಿಯ ಮೇಲೆ ಗಾಲಿ ಉರುಳಿದರೆ, ಯಾರೋ ಹಪ್ಪಳ ಮುರಿಯುತ್ತ ಬೆನ್ನ ಹಿಂದೆ ಬಂದಂತೆ ಸದ್ದಾಗುತ್ತದೆ ಎನ್ನುತ್ತಿದ್ದರು.

ನಮ್ಮ ಬಯಲುಸೀಮೆಯ ಕರಿ ಎರೆಮಣ್ಣೂ ಯಾವುದೋ ಕಾಲದಲ್ಲಿ ಕರಗಿ ಹರಿದ ಕಲ್ಲಿನಿಂದಲೇ ಆದದ್ದೆಂದು ನಮ್ಮ ಪುಸ್ತಕದಲ್ಲಿತ್ತು. ಅದನ್ನೋದಿದ ದಿನ ಸಿಸ್ಟರು ನನ್ನ ಕಡೆ ನೋಡಿ, "ಹಾನಗಲ್ಲಿನ ಹುಡುಗಿ, ಹಾಗಾದರೆ ನಾವು ಒಂದೇ ಊರಿನವರು," ಎಂದಿದ್ದರು. ನಮ್ಮ ಹಾನಗಲ್ಲಿನದು ಬಹುಪಾಲು ಕೆಂಪು ನೆಲ, ಭತ್ತದ ಗದ್ದೆ. ಆದರೂ ನಾನು ಅಲ್ಲವೆನ್ನಲಿಲ್ಲ. ಶನಿವಾರದ ಸಂಜೆ ಕಾನ್ವೆಂಟಿನ ಬಾವಿಯ ಸುತ್ತ ನನಗೆ ಸೈಕಲ್ಲು ಕಲಿಸಿದವರೂ ಅವರೇ. ನಾನು ಬೀಳದೆ ಸುತ್ತು ಹಾಕುವುದನ್ನು ಕಲಿತಾಗ ಚಪ್ಪಾಳೆ ತಟ್ಟಿದರು, ಆಮೇಲೆ, "ಇದು ಗಾಣದ ಎತ್ತಿನ ಸವಾರಿ. ಒಂದು ದಿನ ನಿಜವಾದ ದಾರಿಯಲ್ಲಿ ಹೊಡೆ," ಎಂದರು. ಆ ದಿನ ಬರುವ ಮೊದಲೇ ನನ್ನ ಲಗ್ನವಾಯಿತು.

"ಅಕಿ ಏನ ನಿನ್ನ ಹಡದಾಕಿಯೇನು, ಹಿಂಗ ಕಣ್ಣಾಗ ನೀರ ತರಾಕ?" ಎಂದು ಅತ್ತೆಯವರು ಸೀದ ರೊಟ್ಟಿ ತೆಗೆದು ಬದಿಗಿಟ್ಟರು. ಆಮೇಲೆ ಅವರೇ ಮಗನಿಗೆ ಹೇಳಿದರು: "ಹೋಗ್ಲಿ, ಕರ್ಕೊಂಡ ಹೋಗಪಾ. ಹಡಗ ಹತ್ತಿದವ್ರು ತಿರುಗಿ ಸಿಗ್ತಾರೇನು? ರೊಟ್ಟಿ ಕಟ್ಟಿ ಕೊಡ್ತೇನಿ, ಆ ಮಡಮ್ಮನ ಕೈಯಾಗೂ ಎರಡ ಕೊಡು."

ಯುದ್ಧ ಮುಗಿದಿದ್ದರೂ ಪೆಟ್ರೋಲು ಇನ್ನೂ ಸರಿಯಾಗಿ ಸಿಗುತ್ತಿರಲಿಲ್ಲ. ಇದ್ದಿಲ ಹೊಗೆಯಿಂದ ಓಡುವ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎತ್ತಿನ ಚಕ್ಕಡಿ ಹೂಡಿಸಿದರೆ ರೈಲು ತಪ್ಪುತ್ತಿತ್ತು. ಹೀಗಾಗಿ ಯಲವಿಗಿಯ ಸ್ಟೇಷನ್ನಿಗೆ ಹೋಗಲು ಸೈಕಲ್ಲೇ ಗತಿಯಾಯಿತು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಪೇಟೆಯಲ್ಲಿ ಹೋಗುವುದು ಇವರಿಗೆ ನಾಚಿಕೆ. ಊರ ಕೊನೆಯ ಮನೆ ದಾಟುವ ತನಕ ಅವರು ಸೈಕಲ್ಲು ನೂಕಿಕೊಂಡು ಮುಂದೆ, ನಾನು ಸೆರಗು ಹೊದ್ದು ಹಿಂದೆ, ಪರಿಚಯವೇ ಇಲ್ಲದವರಂತೆ ನಡೆದೆವು. ಹೊಲಗಳು ಶುರುವಾದ ಮೇಲೆ ನಾನು ಕ್ಯಾರಿಯರ್ ಹತ್ತಿದೆ.

ಮಿರಗದ ಮಳೆ ಹಿಡಿದ ಹೊಸತು. ನಸುಕಿನಲ್ಲಿ ನಾಲ್ಕು ಹನಿ ಬಿದ್ದು ನಿಂತಿತ್ತು. ಇವರು ಹರಳುಕಲ್ಲು ಹಾಸಿದ ಗರಸಿನ ರಸ್ತೆ ಬಿಟ್ಟು, ಲಗೂನ ಮುಟ್ಟುತ್ತೇವೆಂದು ಹೊಲದ ನಡುವಿನ ಹಾದಿ ಹಿಡಿದರು. ನನಗೆ ಆಗಲೇ ಅನುಮಾನ ಬಂದಿತ್ತು. ಜೋರು ಮಳೆ ಬಿದ್ದರೆ ಎರೆಮಣ್ಣು ನೀರಾಗಿ ಜಾರಿಹೋಗುತ್ತದೆ. ನಾಲ್ಕೇ ಹನಿ ಬಿದ್ದರೆ ಅಂಟಾಗಿ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಕೂತುಬಿಡುತ್ತದೆ. ಅದಕ್ಕೇ ಎರೆಸೀಮೆಯವರು ಮಳೆಗಾಲ ಬಂತೆಂದರೆ ಸೈಕಲ್ಲಿನ ಮಡ್‌ಗಾರ್ಡು ಬಿಚ್ಚಿ ಅಟ್ಟಕ್ಕೆ ಹಾಕುತ್ತಾರೆ. ಹೊಳೆಯುವ ಮಡ್‌ಗಾರ್ಡು ಬಿಚ್ಚುವ ಮನಸ್ಸು ಇವರಿಗೆಲ್ಲಿಂದ ಬರಬೇಕು?

ಎರಡು ಹೊಲ ದಾಟುವುದರೊಳಗೆ ಗಾಲಿ ಮಣ್ಣು ನುಂಗಿ ನುಂಗಿ ನಿಂತುಬಿಟ್ಟಿತು. ಇಳಿದು ಕಡ್ಡಿಯಿಂದ ಕೆದರಿದೆವು. ಹತ್ತು ಮಾರು ಹೋಗಿ ಮತ್ತೆ ನಿಂತಿತು. ನನ್ನ ಕಾಲಿಗೆ ಅಂಟಿದ ಮಣ್ಣು ಒಂದೊಂದು ಸೇರು ಭಾರವಿತ್ತು. ಇವರು ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ನಡೆದರು. ರೊಟ್ಟಿಯ ಗಂಟು ಅವರ ಕೊರಳಲ್ಲಿ ನೇತಾಡುತ್ತಿತ್ತು.

"ಗಾಡಿ ತಪ್ಪತೈತ್ರಿ," ಎಂದೆ.

ಗರಸಿನ ರಸ್ತೆ ಮತ್ತೆ ಸಿಕ್ಕಾಗ ಹೊತ್ತು ಏರಿತ್ತು. ಅವರು ಸೈಕಲ್ಲು ಇಳಿಸಿ, ಒಂದು ಕ್ಷಣ ಅದನ್ನೇ ನೋಡಿದರು. ಬೋಲ್ಟು ಬಿಚ್ಚಲು ಪಾನಾ ಇರಲಿಲ್ಲ. ಹಿಂದಿನ ಮಡ್‌ಗಾರ್ಡಿಗೆ ಎರಡೂ ಕೈ ಹಾಕಿ ಜಗ್ಗಿದರು. ಅದು ಬಗ್ಗಿತು, ಬರಲಿಲ್ಲ. ಕಾಲು ಕೊಟ್ಟು ಜಗ್ಗಿದಾಗ ಕಿರ್ರೆಂದು ಕಿತ್ತುಬಂತು, ಜೊತೆಗೆ ಕ್ಯಾರಿಯರಿನ ಒಂದು ಕಾಲೂ ಮುರಿಯಿತು. ಮುಂದಿನದನ್ನೂ ಹಾಗೆಯೇ ಕಿತ್ತು ಜಾಲಿಯ ಪೊದೆಗೆ ಒಗೆದರು. ಕ್ಯಾರಿಯರ್ ಒಂದು ಕಡೆ ವಾಲಿ ಜೋತುಬಿದ್ದಿತ್ತು. ಇನ್ನು ಅದರ ಮೇಲೆ ಯಾರೂ ಕೂರುವಂತಿರಲಿಲ್ಲ.

"ನೀ ಹತ್ತು," ಎಂದರು.

"ನಾನೇ?"

"ಮತ್ತ ನಾ ಹೋಗಿ ಏನ ಮಾಡ್ಲಿ? ನಿಮ್ಮ ಮಡಮ್ಮ ನನ್ನ ಗುರ್ತ ಹಿಡೀತಾರೇನು? ಬರ್ತೈತಿ ಬರ್ತೈತಿ ಅಂತ ಲಗ್ನಾದಾಗಿಂದ ಹೇಳಾಕತ್ತಿ. ಹೊಡಿ, ನೋಡೋಣು."

ಸೀರೆಯ ನಿರಿಗೆಯನ್ನು ಹಿಂದಕ್ಕೆ ಸಿಕ್ಕಿಸಿ ಕಚ್ಚೆ ಬಿಗಿದೆ. ಗಂಡಸರ ಸೈಕಲ್ಲು, ನಡುವೆ ಅಡ್ಡ ಪೈಪು. ಅವರು ಸೀಟು ಹಿಡಿದು ನಾಲ್ಕು ಹೆಜ್ಜೆ ಓಡಿದರು. ಮೊದಲು ಹ್ಯಾಂಡಲ್ಲು ನನ್ನ ಮಾತು ಕೇಳಲಿಲ್ಲ, ಆಮೇಲೆ ಕೇಳಿತು. "ಮುಂದ ನೋಡು! ಗಾಲಿ ನೋಡಬ್ಯಾಡ!" ಎಂಬ ಅವರ ಕೂಗು ಹಿಂದೆ ಹಿಂದೆ ಉಳಿಯಿತು.

ಎರಡೂ ಬದಿಗೆ ಕರಿಯ ಹೊಲಗಳು, ಈಗಷ್ಟೇ ಹರಗಿದ್ದವು. ಎಲ್ಲೂ ಒಂದು ಹಸಿರು ಎಲೆಯಿಲ್ಲ. ಮೋಡದ ಸಂದಿನಿಂದ ಬಿಸಿಲು ಬಿದ್ದಲ್ಲಿ ಹಸಿಮಣ್ಣಿನಿಂದ ತೆಳ್ಳಗೆ ಹಬೆ ಏಳುತ್ತಿತ್ತು, ಕೆಳಗೆ ಯಾರೋ ಇನ್ನೂ ಒಲೆ ಆರಿಸಿಲ್ಲವೇನೋ ಎಂಬಂತೆ. ಗಾಲಿಯ ಕೆಳಗೆ ಗರಸು ಪುಟಪುಟನೆ ಮುರಿಯುತ್ತಿತ್ತು. ಸಿಸ್ಟರು ಹೇಳುತ್ತಿದ್ದ ಸದ್ದು ಇದೇ ಇರಬೇಕು ಎನ್ನಿಸಿತು. ಈ ದಾರಿಯ ಕೊನೆಗೆ ಕಡಲಿಲ್ಲ, ಯಲವಿಗಿಯ ರೈಲು ಕೈಕಂಬವಿದೆ. ಕಿತ್ತಳೆ ಮರವಿಲ್ಲ, ಜಾಲಿಯಿದೆ. ಆದರೂ ಅವರು ತಮ್ಮ ಊರಿನಲ್ಲಿ ಇಳಿಯುತ್ತಿದ್ದ ದಾರಿಯಲ್ಲೇ ನಾನು ಹೊರಟಿದ್ದೇನೆ, ತಿರುವು ದಾಟಿದರೆ ಹುಡುಗಿಯಾದ ಅವರು ಮುಂದೆ ಕಾಣುತ್ತಾರೆ ಎಂಬ ಆಸೆಯಾಯಿತು. ಇದನ್ನು ಅವರಿಗೆ ಹೇಳಬೇಕು, ಬೇರೇನನ್ನೂ ಹೇಳದಿದ್ದರೂ ಇದೊಂದನ್ನು ಹೇಳಬೇಕು ಎಂದುಕೊಂಡು ತುಳಿದೆ. ಎದುರಿಗೆ ಎಲೆ ಇಳಿಸಿ ಬರುತ್ತಿದ್ದ ಖಾಲಿ ಚಕ್ಕಡಿಗಳು ಸಿಕ್ಕವು. ಗಾಡಿ ಹೊಡೆಯುವವರು ಎತ್ತುಗಳ ಹಗ್ಗ ಬಿಟ್ಟು ಬಾಯಿ ತೆರೆದು ನೋಡಿದರು. ನಾನು ಸೆರಗನ್ನು ಹಣೆಯ ತನಕ ಎಳೆದು ಹಲ್ಲಿನಲ್ಲಿ ಕಚ್ಚಿಕೊಂಡೆ.

ಸ್ಟೇಷನ್ನು ಮುಟ್ಟಿದಾಗ ಗಾಡಿ ನಿಂತಿತ್ತು. ಸೈಕಲ್ಲನ್ನು ಹೊರಗಿನ ಬೇವಿನ ಮರಕ್ಕೆ ಆನಿಸಿ ಓಡಿದೆ. ಹೆಂಗಸರ ಡಬ್ಬಿಯ ಕಿಟಕಿಯಲ್ಲಿ ಬಿಳಿಯ ಮುಸುಕು ಕಂಡಿತು. ಸಿಸ್ಟರು ಎಷ್ಟು ಸಣ್ಣಗಾಗಿದ್ದರು! ಕನ್ನಡಕದೊಳಗಿನ ಕಣ್ಣು ಮಾತ್ರ ಹಾಗೆಯೇ ಇದ್ದವು. ಮೊದಲು ಅವರಿಗೆ ನನ್ನ ಗುರುತು ಹತ್ತಲಿಲ್ಲ. ಕೆಸರಾದ ಸೀರೆ, ಕರಿಮಣ್ಣು ಮೆತ್ತಿದ ಕೈ ನೋಡಿದರು, ಮುಖ ನೋಡಿದರು.

"ಓ, ಹಾನಗಲ್ಲಿನ ಹುಡುಗಿ!"

ನಾನು ಕಿಟಕಿಯ ಸರಳು ಹಿಡಿದುಕೊಂಡೆ. ನನ್ನ ಬಾಯಿಂದ ಬಂದ ಮಾತು: "ಊಟ ಆತೇನ್ರಿ ಸಿಸ್ಟರ್?"

ನಮ್ಮ ಕಡೆ ಯಾರನ್ನು ಕಂಡರೂ ಮೊದಲು ಬರುವ ಮಾತೇ ಅದು. ಅದಕ್ಕೆ "ಆತ್ರಿ" ಎಂದುಬಿಟ್ಟರೆ ಮುಗಿಯುತ್ತದೆ. ಆದರೆ ಸಿಸ್ಟರು ಇಷ್ಟು ವರ್ಷ ನಮ್ಮ ನಡುವೆ ಇದ್ದು, ಹೀಗೆ ಕೇಳಿದರೆ ಸರಿಯಾಗಿ ಉತ್ತರ ಕೊಡುವುದು ಮರ್ಯಾದೆ ಎಂದು ಕಲಿತಿದ್ದರು. ನಿಧಾನವಾಗಿ, ಒಂದೊಂದೇ ಶಬ್ದ ಹುಡುಕಿ ಹೇಳತೊಡಗಿದರು. "ಊಟ ಇಲ್ಲ. ಧಾರವಾಡದಲ್ಲಿ ಬಾಳೆಹಣ್ಣು ತಿಂದೆ. ಹುಬ್ಬಳ್ಳಿಯಲ್ಲಿ ಚಹಾ ಕೊಟ್ಟರು, ಸಕ್ಕರೆ ಬಹಳ. ನಿನ್ನ ಗೆಳತಿ ಬಿಸ್ಕೀಟು ತಂದಳು. ಅದನ್ನು ಸಂಜೆ ತಿನ್ನುತ್ತೇನೆ. ನಿನ್ನ ಊಟ ಆಯಿತೇ?"

"ಆತ್ರಿ," ಎಂದೆ. ರೊಟ್ಟಿಯ ಗಂಟು ಎಲ್ಲೋ ದಾರಿಯ ಮೇಲೆ ನಮ್ಮ ಮನೆಯವರ ಕೊರಳಲ್ಲಿತ್ತು. ನನ್ನ ಕೈಯಲ್ಲಿ ಕೊಡಲು ಏನೂ ಇರಲಿಲ್ಲ.

ಸೀಟಿ ಊದಿತು. ಅವರು ಸರಳಿನ ಮೇಲಿದ್ದ ನನ್ನ ಕೈಯ ಮೇಲೆ ತಮ್ಮ ಕೈಯಿಟ್ಟರು. "ಸಿಸ್ಟರ್, ನಾನು..." ಎನ್ನುವಷ್ಟರಲ್ಲಿ ಡಬ್ಬಿ ಸರಿಯಿತು. ನಾನು ಜೊತೆಗೇ ನಡೆದೆ, ಓಡಿದೆ. ಎಂಜಿನ್ನಿನ ಸದ್ದಿಗೆ ಅವರು ಕಿವಿಯ ಹಿಂದೆ ಕೈಯಿಟ್ಟು, ಏನು, ಏನು ಎಂದು ತಲೆಯಾಡಿಸುತ್ತಿದ್ದರು. ಪ್ಲಾಟ್‌ಫಾರ್ಮು ಮುಗಿಯಿತು. ಅವರ ಬೆರಳಿನ ಗುರುತೋ ನನ್ನದೋ ತಿಳಿಯದಂತೆ ಕೈಯ ಮೇಲಿನ ಮಣ್ಣು ಕಲಸಿಹೋಗಿತ್ತು. ಅವರ ಕೈಗೂ ಒಂದಿಷ್ಟು ಹತ್ತಿರಬೇಕು.

ಇವರು ಬಹಳ ಹೊತ್ತಿನ ಮೇಲೆ ನಡೆಯುತ್ತ ಬಂದರು. "ಸಿಕ್ಕರೇನು?"

"ಸಿಕ್ಕರು."

"ಏನಂದ್ರು?"

"ಬಾಳೆಹಣ್ಣು ತಿಂದೇನಿ ಅಂದ್ರು."

ಅವರು ನಗಲಿಲ್ಲ. ಬೇವಿನ ನೆರಳಿನಲ್ಲಿ ಕುಳಿತು ಗಂಟು ಬಿಚ್ಚಿ, ನನ್ನ ಕೈಗೆ ರೊಟ್ಟಿ ಕೊಟ್ಟರು. ಆಮೇಲೆ ಸೈಕಲ್ಲಿನ ಕಡೆ ನೋಡಿ, "ಚಲೋ ಹೊಡದಿ," ಎಂದರು. ಸವಣೂರಿಗೆ ಹೊರಟಿದ್ದ ಒಂದು ಚಕ್ಕಡಿಯಲ್ಲಿ ಸೈಕಲ್ಲು ಹಾಕಿ, ಅದರ ಬದಿಯಲ್ಲಿ ನಾವೂ ಕುಳಿತು ಮರಳಿದೆವು. ದಾರಿಯುದ್ದಕ್ಕೂ ನಾನು ಹೊಲಗಳನ್ನು ನೋಡಿದೆ. ಚಕ್ಕಡಿಯ ಮೇಲಿಂದ ಅವು ಬರೀ ಹೊಲಗಳಾಗಿ ಕಂಡವು.

ಸಂಜೆ, ದೀಪ ಹಚ್ಚುವುದರೊಳಗೆ ಹೆಪ್ಪು ಒಯ್ಯಲೆಂದು ಎಲೆ ವ್ಯಾಪಾರಿಯ ಹೆಂಡತಿ ಹಿತ್ತಿಲ ಗೋಡೆಯ ಹತ್ತಿರ ಬಟ್ಟಲು ಹಿಡಿದು ನಿಂತರು. ನಾನು ಕಾಲಿನ ಮಣ್ಣು ತಿಕ್ಕುತ್ತಿದ್ದೆ.

"ಅಕ್ಕಾರ, ನಿಮ್ಮ ಮಡಮ್ಮಗ ಗಾಡಿ ತಪ್ಪಿತ್ತೇನ್ರಿ? ಯಲವಿಗಿ ಹಾದ್ಯಾಗ ಒಬ್ಬಾಕಿ ಸೈಕಲ್ ಹೊಡ್ಕೊಂಡ ಹೊಂಟಿದ್ಲಂತ, ನಮ್ಮ ಎಲಿ ಗಾಡಿಯವರು ನೋಡ್ಯಾರ. ಆ ಮಡಮ್ಮನೇ ಇರಬೇಕ ಬಿಡ್ರಿ, ನಮ್ಮ ಕಡೆ ಹೆಣ್ಮಕ್ಕಳಿಗೆ ಎಲ್ಲಿ ಬರ್ತೈತಿ ಅದು. ಮಸರು ಸ್ವಲ್ಪ ಹುಳಿ ಇರೂದ ಕೊಡ್ರಿ."