ಕಸೂತಿ ಹಾಕುವ ಗಂಡಸು

ಇಳಕಲ್ಲಿನ ನಮ್ಮ ಓಣಿಯಲ್ಲಿ ಸೀರೆಗೆ ಕಸೂತಿ ಹಾಕುತ್ತಿದ್ದ ಗಂಡಸು ನಾನೊಬ್ಬನೇ. ಅವ್ವ ಕಲಿಸಿದ ಕೆಲಸವದು. ಕಾಲೇಜಿನ ಗೆಳೆಯನೊಬ್ಬ ಚಹಾದಂಗಡಿಯಲ್ಲಿ ಎಲ್ಲರೆದುರು ನನ್ನ ಕೈಗೆ ಬಳೆ ತೊಡಿಸಿ, "ಈಗ ಖರೆ ಹೆಂಗಸಾದಿ ನೋಡಲೇ" ಎಂದು ನಕ್ಕ. ನಾನು ಬಳೆ ಕಳಚಿಟ್ಟು ಎದ್ದು ಬಂದೆ, ಆದರೆ ಮರೆಯಲಿಲ್ಲ.

ಮುಂದೆ ತನ್ನ ತಂಗಿಯ ಮದುವೆ ಸೀರೆ ಹಿಡಿದು ಅವನೇ ಮನೆಗೆ ಬಂದ. "ನಿನ್ನಂಗ ಯಾರೂ ಹಾಕಂಗಿಲ್ಲಂತ ಆಕಿ ಹಟ ಹಿಡದಾಳ" ಎಂದ.

"ಹಾಕ್ತೇನಿ. ಆದ್ರ ಸೂಜಿಗೆ ದಾರ ಪೋಣಿಸಿ ಕೊಡಾಕ ನೀನ ದಿನಾ ಬಂದು ಕುಂಡ್ರಬೇಕು, ಹೊರಗ ಕಟ್ಟಿ ಮ್ಯಾಲ."

ಅವನು ಬಂದ. ಓಣಿಯ ಹುಡುಗರು ನಿಂತು ನಕ್ಕರು. ಬೆವರಿದ ಬೆರಳುಗಳಿಂದ ಸೂಜಿ ಜಾರುತ್ತಿತ್ತು. ಬೇಗ ಮುಗಿಸಬಹುದಾಗಿದ್ದ ಸೆರಗಿನ ಕೆಲಸವನ್ನು ನಾನು ಬೇಕೆಂದೇ ದಿನಗಟ್ಟಲೆ ಎಳೆದೆ. ಕಡೆಯ ದಿನ ಅವನು, "ತಪ್ಪಾತು ದೋಸ್ತ" ಎಂದ. ನಾನು ತಲೆಯೆತ್ತದೆ ಇನ್ನೊಂದು ಸೂಜಿಯನ್ನು ಅವನತ್ತ ಚಾಚಿದೆ.